ಒಂದು ಬೆರಳು ಹೆಚ್ಚು

ರಟ್ಟಿನ ಫೈರ್ ಇಂಜಿನ್ ಓಣಿಯ ಎರಡನೆಯ ಮನೆ ದಾಟುವುದರೊಳಗೆ ಸಿಕ್ಕಿಕೊಂಡಿತು. ಕನ್ನಡಕದ ಹುಡುಗಿ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದಳು. ಅದು ಮಿಸುಕಲಿಲ್ಲ. ಇನ್ನೊಂದು ಸಲ ತಳ್ಳಿದಾಗ ಕೆಳಸಾಲಿನ ಮನೆಯೊಂದರ ಅಂಟು ಬಿಟ್ಟು, ಗೋಡೆ ವಾಲಿ, ಕೆಂಪು ಬಣ್ಣ ಬಳಿದ ಚಾವಣಿ ಮೇಜಿನ ಮೇಲೆ ಮಗುಚಿತು.

"ಸರಿಹೋಯ್ತು. ನಗರಸಭೆಯವರು ಬರೋ ಮುಂಚೆ ನೀವೇ ಕೆಡವಿದ್ರಿ," ಎಂದಿತು ಹಿಂದಿನಿಂದ ಒಂದು ದನಿ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಮುಚ್ಚಿಹೋದ ಶಾಲೆಯ ಆ ಕೋಣೆಯಲ್ಲಿ ಹಳೆಯ ಮೇಜುಗಳನ್ನು ಜೋಡಿಸಿ, ಅವುಗಳ ಮೇಲೆ ಇಡೀ ಓಣಿಯನ್ನು ರಟ್ಟಿನಲ್ಲಿ ಕಟ್ಟಿದ್ದರು. ತಳದಲ್ಲಿ ವಿಶ್ವವಿದ್ಯಾಲಯದ ನಗರ ಯೋಜನೆ ವಿಭಾಗದವರು ಬರೆದ ನಕ್ಷೆ. ಅದರ ಮೇಲೆ ಅವರವರ ಮನೆಯನ್ನು ಅವರವರೇ ಮಾಡಿ ಅಂಟಿಸಬೇಕು ಎಂದು ಹೇಳಿದವರು ವಿಭಾಗದ ಮೇಡಂ. ಓಣಿಯವರು ಮೊದಮೊದಲು "ನಮಗೇನು ಆಟ ಆಡೋ ವಯಸ್ಸಾ?" ಎಂದು ಮೂಗು ಮುರಿದರು. ಆಮೇಲೆ ಒಬ್ಬರ ಮನೆಗೆ ಕಿಟಕಿ ಬಂದದ್ದು ಕಂಡು ಇನ್ನೊಬ್ಬರು ಮೆಟ್ಟಿಲು ಮಾಡಿದರು, ಮತ್ತೊಬ್ಬರು ನೀರಿನ ಟ್ಯಾಂಕು ತಂದಿಟ್ಟರು. ಬಟ್ಟೆ ಒಣಹಾಕುವ ದಾರವನ್ನೂ ಬಿಡಲಿಲ್ಲ.

ಆಟವಾಗಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಓಣಿಯ ತುದಿಯಲ್ಲಿ, ಹಾಸಿಗೆ ಹೊಲಿಯುವವನ ಮನೆಗೆ ಬೆಂಕಿ ಬಿದ್ದಾಗ, ಫೈರ್ ಇಂಜಿನ್ ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. ಒಳಗಿನ ಕೈಗಾಡಿ, ಡ್ರಮ್ಮು, ಕಂಬ, ಕಟ್ಟೆಗಳನ್ನೆಲ್ಲ ನೋಡಿದ ಚಾಲಕನಿಗೆ ನುಗ್ಗುವ ಧೈರ್ಯ ಬರಲಿಲ್ಲ. ಜನ ಬಕೆಟ್ಟು ಹಿಡಿದು ಸಾಲಾಗಿ ನಿಂತು ನೀರು ದಾಟಿಸಿದರು. ಪ್ರಾಣಗಳು ಉಳಿದವು, ಹತ್ತಿ ತುಂಬಿದ ಮನೆ ಉಳಿಯಲಿಲ್ಲ. ಹಾಸಿಗೆಯವನು ಇವತ್ತಿಗೂ ನಾಲ್ಕು ಕರಿಗೋಡೆಗಳ ಮೇಲೆ ಟಾರ್ಪಾಲು ಕಟ್ಟಿಕೊಂಡು ಬದುಕುತ್ತಿದ್ದಾನೆ. ಅದಾದ ಮೇಲೆ ನಗರಸಭೆ ಎಚ್ಚೆತ್ತು, ರಸ್ತೆ ಅಗಲ ಮಾಡಲು ಕೆಳಸಾಲಿನ ಮನೆಗಳನ್ನೆಲ್ಲ ಕೆಡವುವುದೆಂದು ತೀರ್ಮಾನಿಸಿ, ಗೋಡೆಗಳ ಮೇಲೆ ಕೆಂಪು ಗುರುತು ಹಾಕಿ ಹೋಯಿತು. ಮೇಡಂ ನಡುವೆ ಬಾಯಿ ಹಾಕಿ, ವಿಭಾಗ ಮತ್ತು ಓಣಿ ಸೇರಿ ಬೇರೊಂದು ಯೋಜನೆ ತರುತ್ತೇವೆ ಎಂದು ಸ್ವಲ್ಪ ಕಾಲ ಕೇಳಿ ಪಡೆದಿದ್ದರು. ಮನೆ ಕೆಡವದೆ ಗಾಡಿ ಓಣಿಯ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಕೆಳಸಾಲು ನೆಲಸಮ.

ಆ ಸಾಲಿನಲ್ಲಿ, ಓಣಿ ತಿರುಗುವ ಕಡೆ, ಟೈಲರಕ್ಕನ ಮನೆ. ಬಿದ್ದ ಚಾವಣಿಯನ್ನು ಎತ್ತಿ ನೋಡುತ್ತಿದ್ದವಳೂ ಅವಳೇ. ನೋಡುತ್ತಾ ನೋಡುತ್ತಾ ಅವಳ ಮುಖ ಸಪ್ಪಗಾಯಿತು.

"ಮೇಡಂ," ಎಂದಳು. "ಇದು ನನ್ನ ತಪ್ಪು."

"ಅಂಟು ಬಿಟ್ಟದ್ದಾ?"

"ಅಲ್ಲ. ಮೊದಲನೇ ದಿನ ಎಲ್ರಿಗೂ ರಟ್ಟು ಕತ್ತರಿಸೋದು ಹೇಳಿಕೊಟ್ಟವಳು ನಾನು. ಅಳತೆಗೆ ಸರಿಯಾಗಿ ಕತ್ತರಿ ಹಾಕ್ಬೇಡಿ, ಸುತ್ತ ಒಂದು ಬೆರಳು ಹೆಚ್ಚು ಬಿಡಿ ಅಂದಿದ್ದೆ. ಹೆಚ್ಚಾದ್ರೆ ಒಳಗೆ ಮಡಚಬಹುದು, ಕಡಿಮೆಯಾದ್ರೆ ಎಲ್ಲಿಂದ ತರ್ತೀರಿ ಅಂತ." ಅವಳು ಗೋಡೆಯ ಅಂಚನ್ನು ತೋರಿಸಿದಳು. "ಬಟ್ಟೆ ಆಗಿದ್ರೆ ಮಡಚ್ತಿದ್ರು. ರಟ್ಟನ್ನ ಯಾರೂ ಮಡಚಲೇ ಇಲ್ಲ."

ಆಮೇಲೆ ಎಲ್ಲರೂ ತಮ್ಮ ತಮ್ಮ ಮನೆಯ ಹತ್ತಿರ ಬಗ್ಗಿದರು. ಅವಳ ಎದುರುಮನೆಯ ಬಡಗಿ ತನ್ನ ಗೋಡೆಯನ್ನು ಬೆರಳಲ್ಲಿ ಅಳೆದು, "ನಾನು ಉಜ್ಜೋಕೆ ಇರಲಿ ಅಂತ ಅದರ ಮೇಲೆ ಇನ್ನಷ್ಟು ಬಿಟ್ಟಿದ್ದೆ," ಎಂದು ತಲೆ ಕೆರೆದುಕೊಂಡ. ಹಾಲಿನವಳು ಇನ್ನೂ ಒಂದು ಹೆಜ್ಜೆ ಮುಂದೆ. "ಮಗನ ಮದುವೆ ಆದ್ಮೇಲೆ ಮುಂದಕ್ಕೆ ಒಂದು ರೂಮು ತೆಗೀಬೇಕು ಅಂತಿದೀವಲ್ಲ, ಅದನ್ನೂ ಸೇರಿಸಿಬಿಟ್ಟೆ," ಎಂದಳು. ಮನೆಗಳು ಪಕ್ಕಪಕ್ಕದಲ್ಲಿ ಹಿಡಿಸದೆ ಹೋದಾಗ ಪ್ರತಿಯೊಬ್ಬರೂ ತಮ್ಮದನ್ನು ಓಣಿಯ ಕಡೆಗೆ ಸ್ವಲ್ಪ ತಳ್ಳಿ ಅಂಟಿಸಿದ್ದರು. ಹೀಗೆ ಇಡೀ ಓಣಿ ಒಗ್ಗಟ್ಟಿನಿಂದ ಓಣಿಯನ್ನು ನುಂಗಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ಎಂದಳು ಮೂಲೆಯ ಕುರ್ಚಿಯಲ್ಲಿದ್ದ ಮುದುಕಿ. ಅವಳು ಟೈಲರಕ್ಕನ ಅತ್ತೆ. ಮಂಡಿ ನೋವಿದ್ದರೂ ಮಾತಿಗೆ ನೋವಿರಲಿಲ್ಲ. "ರಟ್ಟಿನ ಮನೆಗೇ ಇಷ್ಟು ಆಸೆ. ಕಲ್ಲಿನದ್ದು ಕೊಟ್ಟಿದ್ರೆ ಆಕಾಶ ಮುಟ್ತಿದ್ರಿ."

ಈಗ ನಗು ಬಂತು. ಮೇಡಂ ಮಾತ್ರ ನಗುತ್ತಲೇ ಹುಬ್ಬು ಗಂಟಿಕ್ಕಿದ್ದರು. "ಆದರೆ ನಮ್ಮ ನಕ್ಷೆಯಲ್ಲೂ ಓಣಿ ಕಿರಿದಾಗೇ ಇದೆಯಲ್ಲ. ಅದಕ್ಕೇ ನಮಗೆ ಅನುಮಾನ ಬರಲಿಲ್ಲ. ನೀವು ತಪ್ಪಿದ್ದು ಸರಿ, ನಾವೆಲ್ಲಿ ತಪ್ಪಿದ್ವಿ?"

ಅದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಕನ್ನಡಕದ ಹುಡುಗಿ ಮೇಡಂ ಅವರ ವಿದ್ಯಾರ್ಥಿನಿ. ಹೆಗಲಚೀಲದಲ್ಲಿ ಪುಸ್ತಕಕ್ಕಿಂತ ಬಿಸ್ಕತ್ತೇ ಹೆಚ್ಚು. ಅವಳು ಟೇಪಿನ ಒಂದು ತುದಿಯನ್ನು ಬಡಗಿಯ ಗೋಡೆಗೂ, ಟೈಲರಕ್ಕ ಇನ್ನೊಂದನ್ನು ತನ್ನ ಗೋಡೆಗೂ ಹಿಡಿದರು. ನಕ್ಷೆಯಲ್ಲಿದ್ದದ್ದಕ್ಕಿಂತ ಓಣಿ ಎಷ್ಟೋ ಅಗಲ. ಹುಡುಗಿ ಎರಡು ಸಲ ಅಳೆದಳು. ಆಮೇಲೆ ತಲೆಯೆತ್ತಿ ನೋಡಿ, ಹಾಗೇ ಬಾಯಿ ತೆರೆದು ನಿಂತಳು. ಎರಡೂ ಕಡೆಯಿಂದ ತಗಡಿನ ಸೂರುಗಳು ಓಣಿಯ ಮೇಲೆ ಚಾಚಿಕೊಂಡು, ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು.

"ನಾವು ಮೇಲಿಂದ ತೆಗೆದ ಫೋಟೋ ನೋಡಿ ಬರೆದದ್ದು ಅಕ್ಕಾ," ಎಂದಳು. "ಸೂರನ್ನೇ ಗೋಡೆ ಅಂದ್ಕೊಂಡ್ವಿ."

"ಅಂದ್ರೆ ನೀವು ನಮ್ಮ ತಲೆ ನೋಡಿ ಸೊಂಟದ ಅಳತೆ ತಗೊಂಡ್ರಿ."

"ನೀವು ಸೊಂಟದ ಅಳತೆಗೆ ಒಂದು ಬೆರಳು ಸೇರಿಸಿದ್ರಿ."

"ಸರಿಹೋಯ್ತು. ತಪ್ಪಲ್ಲಿ ಇಬ್ಬರೂ ಸಮ," ಎಂದಳು ಟೈಲರಕ್ಕ. ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಆ ದಿನ ಅವಳು ಎರಡು ಲೋಟ ಚಹಾ ಮಾಡಿ, ಒಂದಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು. ಹುಡುಗಿ ಅದನ್ನೇ ಕುಡಿದಳು.

ತಗ್ಗಿನ ಸೂರುಗಳನ್ನು ಕತ್ತರಿಸಿಕೊಳ್ಳಲು ಓಣಿಯವರು ಒಪ್ಪಿದರು. ತಗಡು ಕತ್ತರಿಸಲು ಒಂದು ಹೊತ್ತು ಸಾಕು, ಗೋಡೆ ಕಟ್ಟಲು ಒಂದು ಜನ್ಮ ಬೇಕು ಎಂಬುದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನು ಹೊಸದಾಗಿ ಅಳೆಯಬೇಕು. ಅವರವರ ಮನೆ ಅವರವರೇ ಅಳೆಯಲಿ ಎಂದು ಮೇಡಂ ಹೇಳಹೊರಟಾಗ ಟೈಲರಕ್ಕ ತಡೆದಳು. "ಬೇಡಿ ಮೇಡಂ. ನಮ್ಮ ಅಳತೆ ನಾವೇ ತಗೊಂಡ್ರೆ ಹೊಟ್ಟೆ ಒಳಗೆ ಎಳ್ಕೊತೀವಿ. ಎದುರುಮನೆಯವರು ಅಳೀಲಿ." ಮೇಡಂ ಅದನ್ನು ನಿಯಮ ಮಾಡಿದರು. ಒಂದು ತುದಿ ಓಣಿಯವರ ಕೈಯಲ್ಲಿ, ಇನ್ನೊಂದು ತುದಿ ವಿದ್ಯಾರ್ಥಿಗಳ ಕೈಯಲ್ಲಿ, ಯಾರ ಮನೆಯನ್ನೂ ಅವರೇ ಅಳೆಯುವ ಹಾಗಿಲ್ಲ.

ನಿಯಮ ಒಳ್ಳೆಯದೇ. ಆದರೆ ಅದರಿಂದಾಗಿ ಟೈಲರಕ್ಕನ ಮನೆ ಅಳೆಯುವ ಸರದಿ ಬಡಗಿಗೆ ಬಂತು.

ಬಡಗಿಗೂ ಅತ್ತೆಗೂ ಮಾತು ನಿಂತು ಬಹಳ ಕಾಲವಾಗಿತ್ತು. ಮನೆಯ ಮುಂದೆ, ಗೋಡೆಗೆ ತಾಗಿ, ಮಾವ ಬದುಕಿದ್ದಾಗ ಕಟ್ಟಿಸಿದ ಕಲ್ಲಿನ ಕಟ್ಟೆ ಇತ್ತು. ಬಡಗಿ ಮರ ತರುವ ಗಾಡಿ ಒಮ್ಮೆ ಅದರ ಮೂಲೆಗೆ ಬಡಿದು ಕಲ್ಲು ಸೀಳಿತು. ಕಟ್ಟೆ ಓಣಿಗೆ ಬಂದಿದೆ ಎಂದ ಅವನು. ಗಾಡಿ ಕಟ್ಟೆಗೆ ಬಂತು ಎಂದಳು ಅವಳು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೇಕಾಯಿ. ಅತ್ತೆ ಬೆಳಗಾದರೆ ಆ ಕಟ್ಟೆಯ ಮೇಲೆ ಕೂರುತ್ತಿದ್ದಳು, ಸಂಜೆ ಎದ್ದರೆ ಎದ್ದಳು. ಓಣಿಯ ಬೀಗದ ಕೈಗಳೆಲ್ಲ ಅವಳ ಸೆರಗಿನಲ್ಲಿ, ಓಣಿಯ ಕೂಸುಗಳೆಲ್ಲ ಅವಳ ಕಣ್ಣಳತೆಯಲ್ಲಿ. ಟೈಲರಕ್ಕನ ಗಂಡ ದೂರದ ಬಸ್ಸು ಓಡಿಸುವವನು. ಮನೆಗಿಂತ ದಾರಿಯಲ್ಲೇ ಹೆಚ್ಚು ಇರುತ್ತಿದ್ದ. ಮುಂದಿನ ಕೋಣೆಯನ್ನು ಹೊಲಿಗೆ ಮೆಷಿನ್ನು ಹಿಡಿದಿತ್ತು. ಅತ್ತೆ ಹೊರಗೆ ಕೂತಿದ್ದರಿಂದಲೇ ಸೊಸೆ ಒಳಗೆ ನೆಮ್ಮದಿಯಾಗಿ ಹೊಲಿಯುತ್ತಿದ್ದಳು. ಇಬ್ಬರ ನಡುವಿನ ಪ್ರೀತಿಗೆ ಒಂದು ಬಾಗಿಲಿನ ಅಂತರ ಬೇಕಿತ್ತು, ಅಷ್ಟೆ.

ಅಳೆಯಲು ಬಂದ ಬಡಗಿ ಅತ್ತೆಯನ್ನು ನೋಡದೆ, "ತಂಗಿ, ಸ್ವಲ್ಪ ಎದ್ದೇಳೋಕೆ ಹೇಳು," ಎಂದ.

"ಮಂಡಿ ನೋವು ಅಂತ ಹೇಳೇ," ಎಂದಳು ಅತ್ತೆ.

ಬಡಗಿ ಅತ್ತೆಯನ್ನೂ ಸೇರಿಸಿಯೇ ಕಟ್ಟೆಯನ್ನು ಅಳೆದ. ಆದರೆ ಒಂದು ನೂಲಿನಷ್ಟೂ ಹೆಚ್ಚು ಹಾಕಲಿಲ್ಲ. ಎದುರಾಳಿಯ ಕಟ್ಟೆ ಎಂದು ಉದ್ದ ಎಳೆಯಬಹುದಿತ್ತು, ಎಳೆಯಲಿಲ್ಲ. ಅದನ್ನು ಟೈಲರಕ್ಕ ಗಮನಿಸಿದಳು.

ಮತ್ತೆ ಎಲ್ಲರೂ ಶಾಲೆಯ ಕೋಣೆಯಲ್ಲಿ ಸೇರಿದಾಗ ಹೊಸ ನಕ್ಷೆಯ ಮೇಲೆ ಹೊಸ ಮನೆಗಳು ನಿಂತಿದ್ದವು. ಮೂಲೆಯ ಕುರ್ಚಿ ಖಾಲಿ; ಅತ್ತೆ ಅಳತೆಯ ದಿನದ ಸಿಟ್ಟಿನಲ್ಲೇ ಇದ್ದಳು. ಹುಡುಗಿ ರಟ್ಟಿನ ಗಾಡಿಯನ್ನು ಓಣಿಯ ಬಾಯಲ್ಲಿಟ್ಟು ತಳ್ಳಿದಳು. ಅದು ಎರಡನೆಯ ಮನೆ ದಾಟಿತು. ಹಾಲಿನವಳ ಮನೆ ದಾಟಿತು. ಹಾಸಿಗೆಯವನು ಉಸಿರು ಬಿಗಿಹಿಡಿದು ಮೇಜಿನ ತುದಿಯಲ್ಲಿ ನಿಂತಿದ್ದ. ತಿರುವಿನಲ್ಲಿ ಗಾಡಿ ಮೂತಿ ಹೊರಳಿಸಿತು. ಅಲ್ಲಿಗೆ ನಿಂತಿತು.

ತಡೆದದ್ದು ಬೆಂಕಿಪೊಟ್ಟಣದಷ್ಟು ಚಿಕ್ಕ ಒಂದು ರಟ್ಟಿನ ತುಂಡು. ಅದರಿಂದ ಗಾಡಿಗೆ ಕಡಿಮೆ ಬಿದ್ದ ಜಾಗ, ನಿಜದ ಓಣಿಯಲ್ಲಿ ಲೆಕ್ಕ ಹಾಕಿದರೆ, ಒಂದು ಗೇಣು. ಎಲ್ಲರಿಗೂ ಅದು ಏನೆಂದು ಗೊತ್ತಿತ್ತು, ಯಾರೂ ಹೆಸರೆತ್ತಲಿಲ್ಲ.

"ಎದುರಿನ ಗೋಡೆ ಸ್ವಲ್ಪ ಕತ್ತರಿಸೋಕಾಗಲ್ವಾ?" ಎಂದು ಟೈಲರಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ಆ ಮೂಲೆಯ ಕಂಬದ ಮೇಲೇ ಅವರ ಮಹಡಿ ನಿಂತಿದೆ ಅಕ್ಕಾ," ಎಂದಳು ಹುಡುಗಿ. ತನ್ನದೇ ಮನೆಯ ವಿಷಯವಾದಂತೆ ಅವಳ ಮುಖ ಬಾಡಿತ್ತು.

ಆ ತುಂಡನ್ನು ಅಂಟಿಸಿದವಳು ಟೈಲರಕ್ಕನೇ. ಉಗುರಿನಲ್ಲಿ ಮೀಟಿದರೆ ಬರುತ್ತಿತ್ತು. ನಗರಸಭೆಯ ಸಾಹೇಬರು ನೋಡುವುದು ರಟ್ಟನ್ನು, ಕಲ್ಲನ್ನಲ್ಲ ಎಂದು ಅವಳ ಮನಸ್ಸು ಒಂದು ಗಳಿಗೆ ಹೇಳಿತು. ಆದರೆ ಮೇಜಿನ ಆ ಕೊನೆಯಲ್ಲಿ ಹಾಸಿಗೆಯವನು ನಿಂತಿದ್ದ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಮ್ಮ ಕಟ್ಟೆ," ಎಂದಳು. "ಮನೇಲಿ ಹೇಳ್ತೀನಿ."

ಅತ್ತೆ ಕೂಗಾಡುತ್ತಾಳೆ, ಹಿಡಿಶಾಪ ಹಾಕುತ್ತಾಳೆ, ಬಡಗಿಯ ಏಳು ತಲೆಮಾರು ಎತ್ತುತ್ತಾಳೆ ಎಂದು ಟೈಲರಕ್ಕ ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಂದೂ ಬೇಕಾಗಲಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡು, ಪಕ್ಕದ ಕಲ್ಲನ್ನು ಒಂದು ಸಲ ಅಂಗೈಯಿಂದ ಒರೆಸಿದಳು.

"ಒಡೀರಿ," ಎಂದಳು. "ನನ್ನೊಬ್ಬಳ ಕುಂಡೆಗೋಸ್ಕರ ಊರಿನ ಮನೆ ಬೀಳ್ಬೇಕಾ?"

ಮರುದಿನ ಬೆಳಿಗ್ಗೆ ಅವಳು ಕಟ್ಟೆಗೆ ಹೋಗಲಿಲ್ಲ. ಒಳಗಿನಿಂದ ಸ್ಟೂಲು ಎಳೆದುಕೊಂಡು ಮೆಷಿನ್ನಿನ ಪಕ್ಕ, ಗೋಡೆಗೆ ಮುಖ ಮಾಡಿ ಕೂತಳು. ಇನ್ನೂ ಒಡೆಯದ ಕಟ್ಟೆಯನ್ನು ಬಿಟ್ಟಿರಲು ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದಳು. ಟೈಲರಕ್ಕನಿಗೆ ಅದನ್ನು ನೋಡಲಾಗಲಿಲ್ಲ. ನೋಡದೆ ಇರಲೂ ಆಗಲಿಲ್ಲ, ಯಾಕೆಂದರೆ ಅತ್ತೆಯ ಮೊಣಕಾಲು ಅವಳ ಪೆಡಲಿಗೆ ತಾಗುತ್ತಿತ್ತು. "ಆ ಹೊಲಿಗೆ ಸೊಟ್ಟ ಹೋಗ್ತಿದೆ," ಎಂದಳು ಅತ್ತೆ. ಸ್ವಲ್ಪ ಹೊತ್ತಿಗೆ, "ಈ ಬಣ್ಣ ಯಾರಾದ್ರೂ ಹಾಕ್ಕೊತಾರಾ?" ಎಂದಳು. ಆಮೇಲೆ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಬೀಗದ ಕೈ ಕೊಡಲು ಬಂದ ಹಾಲಿನವಳು ಖಾಲಿ ಕಟ್ಟೆ ನೋಡಿ, ಏನೂ ತೋಚದೆ, ಅದನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದಳು. ಟೈಲರಕ್ಕನಿಗೆ ಅಳು ಬಂತು. ಮನೆ ಉಳಿಯಿತು, ಮನೆಯ ಹಿರಿಯಳು ಹೋದಳು ಅನ್ನಿಸಿತು.

ಮಧ್ಯಾಹ್ನ ಬಡಗಿ ಹೊಸ್ತಿಲ ಹೊರಗೆ ಬಂದು ನಿಂತ. ಕಿವಿಯ ಮೇಲೆ ಪೆನ್ಸಿಲು.

"ತಂಗಿ, ನಿಮ್ಮತ್ತೆಗೆ ಒಂದು ಮಾತು ಕೇಳು. ಬೆಂಕಿ ದಿನಾ ಬೀಳುತ್ತಾ?"

ಅತ್ತೆ ಗೋಡೆ ನೋಡುತ್ತಲೇ, "ಬಾಯಿಗೆ ಬಂದದ್ದು ಆಡ್ಬೇಡ ಅಂತ ಹೇಳೇ," ಎಂದಳು.

"ಬೀಳಲ್ಲ. ಆದ್ರೆ ಕೂರೋಕೆ ಕಟ್ಟೆ ದಿನಾ ಬೇಕು. ಕಲ್ಲು ಯಾಕೆ ಬೇಕು? ಗೋಡೆಗೆ ಬಾಗಿಲಿಗಿರೋ ಥರ ತಿರುಗುಣಿ ಹೊಡೆದು ಒಂದು ಹಲಗೆ ಹಾಕ್ತೀನಿ. ಕೆಳಗೆ ಬಿಟ್ರೆ ಕಟ್ಟೆ. ಎತ್ತಿ ಕೊಂಡಿ ಹಾಕಿದ್ರೆ ಗೋಡೆ. ಗಾಡಿ ಬಂದಾಗ ಎತ್ತೋದು, ಹೋದ್ಮೇಲೆ ಇಳಿಸೋದು."

ಮೆಷಿನ್ನು ನಿಂತಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ. ಬಡಗಿ ಪೆನ್ಸಿಲು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಟುಕೊಂಡ.

"ಹಗುರದ ಮರ ಹಾಕ್ಲಿ," ಎಂದಳು ಅತ್ತೆ ಕೊನೆಗೆ. "ನಂಗೆ ಎತ್ತೋಕಾಗ್ಬೇಕು. ಇನ್ನೊಬ್ಬರ ಕೈ ಕಾಯೋಳಲ್ಲ ನಾನು."

ಸಂಜೆ ಮೇಡಂ ಬಂದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಡಗಿ ಬರೆದ ಹಲಗೆಯನ್ನು ಬಗ್ಗಿ ನೋಡಿದರು. ಆಮೇಲೆ ಹುಡುಗಿಯ ಕೈಯಿಂದ ಪೆನ್ನು ಇಸಿದುಕೊಂಡು ನಕ್ಷೆಯಲ್ಲಿ ಕಟ್ಟೆಯ ಜಾಗದಲ್ಲಿ ಚುಕ್ಕೆಚುಕ್ಕೆಯಾಗಿ ಗೆರೆ ಎಳೆದರು. "ಗೋಡೆಗೆ ಗಟ್ಟಿ ಗೆರೆ. ಸರಿಸಬಹುದಾದದ್ದಕ್ಕೆ ಚುಕ್ಕೆಗೆರೆ," ಎಂದರು. "ಇಷ್ಟು ವರ್ಷ ಬೀದಿ ಬಗ್ಗೆ ಪಾಠ ಹೇಳ್ತಿದೀನಿ. ಇರೋದು ಅಥವಾ ಇಲ್ಲದ್ದು, ಎರಡೇ ಬರೆದಿದ್ದೆ. ಎದ್ದು ಜಾಗ ಬಿಡೋದನ್ನ ಬರೆದಿರಲಿಲ್ಲ."

"ಎದ್ದು ಜಾಗ ಬಿಡೋರು ಇದ್ರೆ ತಾನೇ ಬರೆಯೋದು," ಎಂದಳು ಅತ್ತೆ. "ನೀನೂ ಕೂತ್ಕೋಮ್ಮ. ಇನ್ನೂ ಒಡೆದಿಲ್ಲ."

ಚುಕ್ಕೆಗೆರೆಯ ಸುದ್ದಿ ಓಣಿಯಲ್ಲಿ ಬೆಂಕಿಗಿಂತ ಬೇಗ ಹಬ್ಬಿತು. ತರಕಾರಿಯವನು ತನ್ನ ಕೈಗಾಡಿಗೊಂದು ಕೇಳಿದ. ಡ್ರಮ್ಮುಗಳವರು ತಳಕ್ಕೆ ಚಕ್ರ ಹಾಕಿಸಿದರು. ಬಟ್ಟೆ ಒಣಹಾಕುವ ಕಂಬಗಳು ಕಿತ್ತು ಇಡುವಂಥವಾದವು. ಯಾವ ವಸ್ತುವನ್ನು ಯಾರು ಸರಿಸುತ್ತಾರೆ, ಅವರು ಇಲ್ಲದಾಗ ಯಾರು ಸರಿಸುತ್ತಾರೆ ಎಂದು ಹುಡುಗಿ ಮನೆಮನೆಗೆ ಹೋಗಿ ಕೇಳಿ ನಕ್ಷೆಗೆ ಸೇರಿಸಿದಳು. ಹಾಲಿನವಳು ಮಾತ್ರ ಮಗನ ರೂಮಿಗೂ ಒಂದು ಚುಕ್ಕೆಗೆರೆ ಸಿಗುತ್ತದೆಯೇ ಎಂದು ಕೇಳಿ ಬೈಸಿಕೊಂಡಳು.

ಕಟ್ಟೆ ಒಡೆಯುವಾಗ ಅತ್ತೆ ಒಳಗಿದ್ದಳು. ಹಲಗೆ ಹೊಡೆಯುವಾಗ ಹೊರಗೆ ಬಂದು ನಿಂತು ಮೇಲ್ವಿಚಾರಣೆ ಮಾಡಿದಳು. ಟೈಲರಕ್ಕ ಹಲಗೆಯ ಉದ್ದ ನೋಡಿ, "ಅಣ್ಣಾ, ಕಟ್ಟೆಗಿಂತ ಉದ್ದ ಆಯ್ತಲ್ಲ?" ಎಂದಳು.

"ಸ್ವಲ್ಪ ಹೆಚ್ಚು ಬಿಡಿ ಅಂದವಳು ನೀನೇ ತಾನೇ?" ಎಂದ ಬಡಗಿ, ಮೊಳೆಗಳನ್ನು ತುಟಿಯಲ್ಲಿ ಹಿಡಿದುಕೊಂಡೇ. "ಓಣಿಗೆ ಹೆಚ್ಚಿಲ್ಲ. ಗೋಡೆಯುದ್ದಕ್ಕೆ ಹೆಚ್ಚಿದೆ."

ಪರೀಕ್ಷೆಯ ದಿನ ನಿಜವಾದ ಗಾಡಿ ಬಂತು. ಓಣಿಯ ಬಾಯಲ್ಲಿ ನಿಂತು ಹಾರನ್ ಹೊಡೆಯಿತು. ನಗರಸಭೆಯ ಸಾಹೇಬರು ನಕ್ಷೆ ಹಿಡಿದು ಮುಂದೆ, ಮೇಡಂ ಅವರ ಪಕ್ಕ, ಹುಡುಗಿ ಉಗುರು ಕಚ್ಚುತ್ತಾ ಹಿಂದೆ. ಕೈಗಾಡಿಗಳು ಅಂಗಳ ಸೇರಿದವು, ಕಂಬಗಳು ಮಲಗಿದವು, ಡ್ರಮ್ಮುಗಳು ಗಡಗಡ ಉರುಳಿ ಮೂಲೆಗೆ ಹೋದವು. ಕೆಂಪು ಗಾಡಿ ಒಂದೊಂದೇ ಮನೆ ದಾಟುತ್ತಾ ತಿರುವಿಗೆ ಬಂತು. ಅಲ್ಲಿ ಅತ್ತೆ ಇನ್ನೂ ಹಲಗೆಯ ಮೇಲೆ ಕೂತಿದ್ದಳು.

ಟೈಲರಕ್ಕ ಓಡಿಬಂದು ಕೈ ಚಾಚಿದಳು. ಅತ್ತೆ ಆ ಕೈಯನ್ನು ಸರಿಸಿದಳು. ಚಾಲಕನ ಕಡೆ, ತಾಳು ಎನ್ನುವಂತೆ ಒಂದು ಬೆರಳೆತ್ತಿದಳು. ಗೋಡೆ ಹಿಡಿದು ಎದ್ದಳು, ಒಂದು ಸಲ ಮಂಡಿ ನೀವಿಕೊಂಡಳು, ಹಲಗೆಯನ್ನು ಎತ್ತಿದಳು, ಕೊಂಡಿ ಸಿಕ್ಕಿಸಿದಳು, ಹೊಸ್ತಿಲೊಳಗೆ ಹೋಗಿ ನಿಂತಳು. ಅಷ್ಟು ದೊಡ್ಡ ಗಾಡಿ ಅವಳು ಮುಗಿಸುವವರೆಗೆ ಕಾದಿತ್ತು. ಆಮೇಲೆ ಮೂತಿ ಹೊರಳಿಸಿ, ಬಡಗಿಯ ಗೋಡೆಗೂ ಹಲಗೆಗೂ ನಡುವೆ, ಎರಡೂ ಕಡೆ ಅಂಗೈಯಗಲ ಬಿಟ್ಟು ದಾಟಿಹೋಯಿತು. ಓಣಿಯ ತುದಿಯಲ್ಲಿ, ಕರಿಗೋಡೆಗಳ ಮುಂದೆ ಹಾಸಿಗೆಯವನು ನಿಂತಿದ್ದ. ಗಾಡಿ ಅವನ ಎದುರು ಬಂದು ನಿಂತಾಗ ಅದರ ಬಿಸಿಯಾದ ಮೂತಿಯನ್ನು ಮೆಲ್ಲಗೆ ಸವರಿದ.

"ಗಾಡಿ ಬಂತು. ಇನ್ನು ಕೆಳಸಾಲು ಕೆಡವೋ ಮಾತಿಲ್ಲ," ಎಂದರು ಸಾಹೇಬರು ನಕ್ಷೆ ಮಡಚುತ್ತಾ. "ಆದರೆ ಮೇಡಂ, ಈ ಚುಕ್ಕೆಗೆರೆಗಳು ನಾಳೆ ಗಟ್ಟಿಯಾದ್ರೆ ನಾನು ಮತ್ತೆ ಬರ್ತೀನಿ."

"ಬನ್ನಿ. ಗಟ್ಟಿಯಾಗಿಲ್ಲ ಅಂತ ನೋಡೋಕೂ ಬನ್ನಿ," ಎಂದರು ಮೇಡಂ.

ಗಾಡಿ ಹಿಮ್ಮುಖವಾಗಿ ಹೊರಗೆ ಹೋದ ಮೇಲೆ ಟೈಲರಕ್ಕ ಒಂದು ಒದ್ದೆ ಬಟ್ಟೆ ತಂದು ಬಾಗಿಲ ಪಕ್ಕದ ಕೆಂಪು ಗುರುತನ್ನು ಉಜ್ಜತೊಡಗಿದಳು. ಅದು ಸುಲಭಕ್ಕೆ ಹೋಗುವಂಥದ್ದಲ್ಲ, ಅವಳಿಗೂ ಅವಸರವಿರಲಿಲ್ಲ. ಅತ್ತೆ ಕೊಂಡಿ ಬಿಡಿಸಿ ಹಲಗೆ ಇಳಿಸಿ ಕೂತಳು. ಒಮ್ಮೆ ಆಚೆ, ಒಮ್ಮೆ ಈಚೆ ಅಲುಗಾಡಿದಳು.

"ಕಿರ್ ಅಂತಿದೆ," ಎಂದಳು ಜೋರಾಗಿ. "ಅವನಿಗೆ ಹೇಳೇ."

ಎದುರಿನ ಬಾಗಿಲಲ್ಲಿ ಬಡಗಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಓಣಿ ದಾಟಿ ಬಂದ. ಬಗ್ಗಿ ತಿರುಗುಣಿ ನೋಡಿದ. ಕೈಯಿಂದ ಹಲಗೆ ಒತ್ತಿದ. ಆಮೇಲೆ ಇನ್ನೊಂದು ತುದಿಯಲ್ಲಿ, ಹೆಚ್ಚಾಗಿ ಉಳಿದಿದ್ದ ಜಾಗದಲ್ಲಿ, ತಾನೂ ಕೂತು ನೋಡಿದ.

"ಏನೂ ಕೇಳಿಸ್ತಿಲ್ವಲ್ಲ, ತಂಗಿ," ಎಂದ.

"ಸ್ವಲ್ಪ ಹೊತ್ತು ಕೂತ್ರೆ ಕೇಳ್ಸುತ್ತೆ ಅಂತ ಹೇಳು," ಎಂದಳು ಅತ್ತೆ, ಸೆರಗು ಎಳೆದುಕೊಂಡು ಒಂದಿಷ್ಟು ಸರಿಯುತ್ತಾ.

ಟೈಲರಕ್ಕ ಬಟ್ಟೆಯನ್ನು ಹಿಂಡಿ ಮತ್ತೆ ಗೋಡೆ ಉಜ್ಜಿದಳು. ಅವಳ ಬೆನ್ನ ಹಿಂದೆ ಇಬ್ಬರೂ ಓಣಿಯ ಕಡೆ ಮುಖ ಮಾಡಿ, ಕಿವಿಗೊಟ್ಟು ಕೂತಿದ್ದರು.